ಹೆಂಚಿನ ಮೇಲಿನ ಅಂಕಿ

‘ದೇಶ ಸುತ್ತಿ ನೋಡು, ಕೋಶ ಓದಿ ನೋಡು’ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳಿದ್ದೇವೆ. ಆದರೆ ಕೋಶ ಓದಿದವನು ಮಾತ್ರವೇ ದೇಶವನ್ನು ಸರಿಯಾಗಿ ನೋಡಬಲ್ಲನೆಂಬ ಒಂದು ಹೆಮ್ಮೆ ನಮ್ಮಂಥ ವಿದ್ಯಾರ್ಥಿಗಳಲ್ಲಿ ತಾನಾಗಿಯೇ ಬೆಳೆದುಬಿಡುತ್ತದೆ. ನನ್ನಲ್ಲಿಯೂ ಅದು ಬೆಳೆದಿತ್ತು. ಕಳೆದ ಬೇಸಗೆಯ ರಜೆಯಲ್ಲಿ ಮನೆಯವರೆಲ್ಲರೂ ಮಂಗಳೂರನ್ನು ನೋಡಲು ಹೋದಾಗ ಆ ಹೆಮ್ಮೆಗೆ ಬಿದ್ದ ಪೆಟ್ಟನ್ನೂ, ಅದರಿಂದ ಇತಿಹಾಸದ ವಿದ್ಯಾರ್ಥಿಯಾದ ನಾನು ಕಲಿತ ಒಂದು ಪಾಠವನ್ನೂ ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ನಮ್ಮದು ಅರಸೀಕೆರೆಯ ಕಡೆಯ ಒಂದು ಹಳ್ಳಿ. ತಂದೆಯವರದು ಗಾರೆ ಕೆಲಸ. ಮಾಡಿಗೆ ಹೆಂಚು ಹೊದಿಸುವುದರಲ್ಲಿ ಅವರದು ನುರಿತ ಕೈ. ಅವರಿಗೆ ಅಕ್ಷರ ಬಾರದು. ಅಳತೆಯ ಟೇಪನ್ನು ಹಿಡಿದು ಹಿಡಿದು ಅಂಕಿಗಳು ಮಾತ್ರ ಗೊತ್ತು. ತಾಯಿಯೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಂಗಿ ಇನ್ನೂ ಚಿಕ್ಕವಳು. ಆದ್ದರಿಂದ ಪ್ರವಾಸಕ್ಕೆ ನಾನೇ ಮಾರ್ಗದರ್ಶಿಯಾದೆ. ನೋಡಬೇಕಾದ ಸ್ಥಳಗಳನ್ನೂ ಅವುಗಳ ವರ್ಷಗಳನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡು, ಶಿರಾಡಿ ಘಾಟಿಯನ್ನು ಇಳಿಯುವಾಗಲೇ ನನ್ನ ಉಪನ್ಯಾಸವನ್ನು ಆರಂಭಿಸಿದ್ದೆ.

ಮೊದಲು ಕದ್ರಿಯ ಮಂಜುನಾಥ ದೇವಾಲಯಕ್ಕೆ ಹೋದೆವು. ಅಲ್ಲಿಯ ಲೋಕೇಶ್ವರನ ಕಂಚಿನ ವಿಗ್ರಹ ಮೂರು ಮುಖ, ಆರು ಕೈಗಳುಳ್ಳ ಭವ್ಯ ಮೂರ್ತಿ. ಅದರ ಪೀಠದಲ್ಲಿ ಸಂಸ್ಕೃತ ಶಾಸನವಿದೆ. ಆಳುಪ ಅರಸನಾದ ಕುಂದವರ್ಮನು ಇದನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದನೆಂದು ಅದು ಹೇಳುತ್ತದೆ. ಅಲ್ಲಿ ಕೊಟ್ಟಿರುವ ಕಲಿವರ್ಷವನ್ನು ವಿದ್ವಾಂಸರು ಕ್ರಿ.ಶ. 968 ಎಂದು ಲೆಕ್ಕ ಹಾಕಿದ್ದಾರೆ. ನಾನು ಇದನ್ನೆಲ್ಲ ವಿವರಿಸಿದೆ. ತಂದೆಯವರು ಬಹಳ ಹೊತ್ತು ನೋಡಿ, “ಎರಕ ಹೊಯ್ದವನು ಯಾರಪ್ಪಾ?” ಎಂದರು. ಎರಕದವನ ಹೆಸರು ನನ್ನ ಪುಸ್ತಕದಲ್ಲಿರಲಿಲ್ಲ.

ಮಾರನೆಯ ದಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರವನ್ನು ಕಂಡೆವು. ಇಟಲಿಯ ಆಂಟೋನಿಯೋ ಮೊಸ್ಕೆನಿ ಎಂಬ ಜೆಸುಯಿಟ್ ಸಹೋದರರು 1899ರಿಂದ 1901ರವರೆಗೆ ಗೋಡೆ, ಮಾಳಿಗೆಗಳ ತುಂಬ ಚಿತ್ರಗಳನ್ನು ಬರೆದಿದ್ದಾರೆ. ಗೋಡೆಯ ಮೇಲಿನ ಚಿತ್ರಗಳಲ್ಲಿ ಅವರು ಹಸಿಗಾರೆಯ ಪದ್ಧತಿಯನ್ನು ಬಳಸಿದರು ಎಂದು ನಾನು ಓದಿ ಹೇಳಿದೆ. ಅಷ್ಟಕ್ಕೇ ತಂದೆಯವರ ಮುಖ ಅರಳಿತು. ಸುಣ್ಣದ ಗಾರೆ ಒಣಗುವುದರೊಳಗೆ ಬಣ್ಣ ಹಚ್ಚಿದರೆ ಬಣ್ಣ ಗಾರೆಯೊಂದಿಗೇ ಗಟ್ಟಿಯಾಗುತ್ತದೆ. ಆದ್ದರಿಂದ ಒಂದು ದಿನದಲ್ಲಿ ಎಷ್ಟು ಬರೆಯಲು ಸಾಧ್ಯವೋ ಅಷ್ಟೇ ಜಾಗಕ್ಕೆ ಗಾರೆ ಬಳಿಯಬೇಕು. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಬಳಿಯಬೇಕು ಎಂದು ಅವರೇ ತಂಗಿಗೆ ವಿವರಿಸಿದರು. ಈ ವಿಷಯವನ್ನು ಅವರು ಯಾವ ಪುಸ್ತಕದಲ್ಲಿಯೂ ಓದಿದವರಲ್ಲ.

ಅಂದೇ ಸಂಜೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋದೆವು. ಗುರುಪುರ ನದಿಯ ಮೂಲಕ ಯುದ್ಧನೌಕೆಗಳು ನುಗ್ಗದಂತೆ ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಕಾವಲುಗೋಪುರವಿದು. ಪಣಂಬೂರಿನಲ್ಲಿ ತಾಯಿ ಮೊದಲ ಬಾರಿಗೆ ಸಮುದ್ರವನ್ನು ಕಂಡು, ನೀರಿಗೆ ಕೈಮುಗಿದು ನಿಂತರು.

ನನ್ನ ಪಾಠ ಮಾತ್ರ ಇದಾವುದರಲ್ಲಿಯೂ ಇರಲಿಲ್ಲ. ಅದು ಬಂದರಿನ ಹಳೆಯ ಬೀದಿಯಲ್ಲಿ ಕಾದಿತ್ತು. ಅಲ್ಲಿ ಯಾರೋ ಹಳೆಯ ಮನೆಯೊಂದನ್ನು ಇಳಿಸುತ್ತಿದ್ದರು. ಹೆಂಚುಗಳನ್ನು ಬದಿಗೆ ಅಟ್ಟಿ ಒಟ್ಟಿದ್ದರು. ತಂದೆಯವರು ಒಂದನ್ನು ಎತ್ತಿಕೊಂಡು, ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿ, “ಒಳ್ಳೇ ಸುಟ್ಟಿದ್ದಾರೆ” ಎಂದರು. ಆಮೇಲೆ ಅದನ್ನು ನನ್ನತ್ತ ಹಿಡಿದು, “ಮೂವತ್ತು ವರ್ಷದಿಂದ ಇವನ್ನು ಹೊರ್ತಾ ಬಂದೆ. ಇದರ ಮೇಲೆ ಏನು ಬರೆದದೆ ಓದು” ಎಂದರು.

‘ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ, 1865’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿತ್ತು. ನಾನು ಓದಿ, “ಅಪ್ಪ, ಈ ಹೆಂಚನ್ನು 1865ರಲ್ಲಿ ಮಾಡಿದ್ದಾರೆ. ನೂರೈವತ್ತು ವರ್ಷಕ್ಕೂ ಹಿಂದಿನದು” ಎಂದು ಧೈರ್ಯವಾಗಿ ನುಡಿದೆ. ತಂದೆಯವರು ತಲೆಯಾಡಿಸಿದರು. “ಅಲ್ಲಪ್ಪ. ನಾನು ಇಳಿಸಿದ ಮನೆಗಳಲ್ಲಿ ನಮ್ಮಜ್ಜನ ಕಾಲದವೂ ಇದ್ದವು, ಅದಕ್ಕಿಂತ ಎಷ್ಟೋ ಈಚಿನವೂ ಇದ್ದವು. ಈ ಗುರುತಿನ ಹೆಂಚು ಎಲ್ಲಿ ಸಿಕ್ಕಿದರೂ ಇದೇ ಅಂಕಿ. ಅಷ್ಟು ಮನೆಯ ಹೆಂಚನ್ನೂ ಒಂದೇ ವರ್ಷ ಸುಟ್ಟರೇ?” ನನ್ನಲ್ಲಿ ಉತ್ತರವಿರಲಿಲ್ಲ.

ರಜೆ ಮುಗಿದ ಮೇಲೆ ಗ್ರಂಥಾಲಯದಲ್ಲಿ ಹುಡುಕಿದೆನು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದುದು 1865ರಲ್ಲಿ. ಹೆಂಚಿನ ಮೇಲಿರುವುದು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಆ ಹೆಂಚು ಹುಟ್ಟಿದ ವರ್ಷವಲ್ಲ. ಎಷ್ಟೋ ಕಾಲದ ತನಕ ಅಚ್ಚಿನಲ್ಲಿ ಅದೇ ಅಂಕಿ ಉಳಿದು ಬಂದಿತು. ತಂದೆಯವರ ತರ್ಕ ಸರಿಯಾಗಿತ್ತು. ಅಕ್ಷರ ಓದಿದವನು ನಾನು. ಅರ್ಥ ಮಾಡಿದವರು ಅವರು.

ಈ ಹೆಂಚಿನ ಹಿಂದಿನ ವಿಚಾರವೂ ಸ್ವಾರಸ್ಯವಾದುದೇ. ಮಂಗಳೂರಿನ ಎರಡು ನದಿಗಳ ದಡಗಳಲ್ಲಿ ಜೇಡಿಮಣ್ಣು ಹೇರಳ; ಗೂಡು ಉರಿಸಲು ಘಟ್ಟದ ಕಾಡಿನ ಸೌದೆ; ಸಾಗಣೆಗೆ ಬಂದರು. ಮಣ್ಣನ್ನು ಹದಮಾಡಿ, ಯಂತ್ರದ ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಗೂಡಿನಲ್ಲಿ ಸುಡುತ್ತಾರೆ. ಮಣ್ಣಿನೊಳಗಿನ ಕಬ್ಬಿಣದ ಅಂಶ ಬೆಂದು ಕೆಂಪಾಗುತ್ತದೆ. ನಾಡಹೆಂಚು ಬರಿದೆ ಒಂದರ ಮೇಲೊಂದು ಕವುಚಿ ಮಲಗುತ್ತದೆ. ಮಂಗಳೂರು ಹೆಂಚಿಗಾದರೋ ಅಂಚಿನಲ್ಲಿ ಕಾಲುವೆಗಳುಂಟು, ಕೆಳಗೆ ಗುಬಟುಂಟು. ಗುಬಟು ರೀಪಿಗೆ ಕಚ್ಚಿಕೊಳ್ಳುತ್ತದೆ, ಕಾಲುವೆ ನೆರೆಯ ಹೆಂಚಿಗೆ ಕೂಡಿಕೊಳ್ಳುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಇಂಥ ಹೆಂಚು ನೆಲೆಯೂರಿದುದು ಸಹಜವೇ. ಕಾಂಕ್ರೀಟಿನ ತಾರಸಿಗಳು ಬಂದ ಮೇಲೆ ಕರಾವಳಿಯ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ನಮ್ಮೂರಿನಲ್ಲಿಯೂ ಹೆಂಚು ಹೊದಿಸುವ ಕೆಲಸ ಕಡಿಮೆಯಾಗಿ, ತಂದೆಯವರು ಈಗ ಹೆಚ್ಚಾಗಿ ಹಳೆಯ ಮಾಡುಗಳನ್ನು ಇಳಿಸುವುದಕ್ಕೇ ಹೋಗುತ್ತಾರೆ.

ಇದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಕಿಟ್ಟೆಲರ ನಿಘಂಟು 1894ರಲ್ಲಿ ಇವರ ಮುದ್ರಣಾಲಯದಿಂದಲೇ ಹೊರಬಂದಿತು. ನಾನು ತಿರುವಿ ಹಾಕುವ ನಿಘಂಟೂ, ತಂದೆಯವರು ಹೊತ್ತ ಹೆಂಚೂ ಒಂದೇ ಊರಿನ, ಒಂದೇ ಸಂಸ್ಥೆಯ ಕೆಲಸವೆಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಸಹಪಾಠಿಗಳಲ್ಲಿ ನನ್ನ ವಿನಂತಿ ಇಷ್ಟೇ. ವಸ್ತುವಿನ ಮೇಲೆ ವರ್ಷ ಕಂಡೊಡನೆ ಅದನ್ನು ಟಿಪ್ಪಣಿಗೆ ಇಳಿಸಿಬಿಡಬೇಡಿ. ಕದ್ರಿಯ ಪೀಠದ ವರ್ಷ ಪ್ರತಿಷ್ಠೆಯದು. ಹೆಂಚಿನ ಅಂಕಿ ಕಾರ್ಖಾನೆಯದು. ಯಾವುದು ಯಾವುದರ ವರ್ಷವೆಂದು ಕೇಳಬೇಕು. ಅಂಥ ಹತ್ತು ವಸ್ತುಗಳನ್ನು ಒಟ್ಟಿಗಿಟ್ಟು ನೋಡಬೇಕು. ಸಾಧ್ಯವಾದರೆ ಅದನ್ನು ಕೈಯಲ್ಲಿ ಹಿಡಿದು ದುಡಿದವರನ್ನು ವಿಚಾರಿಸಬೇಕು. ಅವರು ನಮ್ಮ ಮನೆಯಲ್ಲಿಯೇ ಇರಬಹುದು. ನನ್ನ ನೋಟ್ ಪುಸ್ತಕದಲ್ಲಿ ಮಂಗಳೂರಿನ ಪುಟದ ಕೆಳಗೆ, 1865ರ ಎದುರಿಗೆ, ತಿದ್ದಿದವರು ಯಾರೆಂಬುದನ್ನೂ ಬರೆದಿಟ್ಟಿದ್ದೇನೆ.