ಮಗನಿಗೆ ಬೈದ ಮೇಲೆ ನನಗೇ ಅಳು ಬರುತ್ತದೆ

ಪ್ರಶ್ನೆ: ನನಗೆ 42 ವರ್ಷ. ಅಲೆವೂರಿನಲ್ಲಿ ಅತ್ತೆಯ ಜೊತೆ ಇದ್ದೇನೆ, ಕೆಲಸ ಮಣಿಪಾಲದಲ್ಲಿ. ಗಂಡ ಕುವೈತಿನಲ್ಲಿದ್ದಾರೆ. ಮಗ ಹತ್ತನೇ ಕ್ಲಾಸು, ಮಗಳು ನಾಲ್ಕನೆಯದು. ಸಂಜೆ ಬಸ್ಸಿಳಿದು ಮನೆಗೆ ಬಂದರೆ ಮಗ ಮೊಬೈಲ್ ಹಿಡಿದು ಕೂತಿರುತ್ತಾನೆ. ಕರೆದರೆ ಉತ್ತರವಿಲ್ಲ, ಗದರಿದರೆ ಎದುರುತ್ತರ. ಕಳೆದ ವಾರ ಸಿಟ್ಟು ತಡೆಯಲಾಗದೆ ಕೆನ್ನೆಗೆ ಹೊಡೆದುಬಿಟ್ಟೆ. ಅಂದಿನಿಂದ ನನ್ನ ಹತ್ತಿರ ಮಾತಿಲ್ಲ, ಬಾಗಿಲು ಹಾಕಿಕೊಂಡು ಕೋಣೆಯಲ್ಲೇ ಇರುತ್ತಾನೆ. "ನಿನ್ನ ಕೊಂಡಾಟ ಜಾಸ್ತಿಯಾಗಿಯೇ ಹೀಗಾದದ್ದು" ಎನ್ನುತ್ತಾರೆ ಅತ್ತೆ. ರಾತ್ರಿ ನಿದ್ದೆ ಬರುವುದಿಲ್ಲ, ಒಬ್ಬಳೇ ಅಳುತ್ತೇನೆ. ತಾಯಿಯಾಗಿ ನಾನು ಸೋತೆನೇ ಡಾಕ್ಟ್ರೇ?

ಉತ್ತರ: ಇಲ್ಲಮ್ಮ, ಸೋತಿಲ್ಲ. ಇಬ್ಬರು ಹೊರಬೇಕಾದ ಭಾರವನ್ನು ಒಬ್ಬರೇ ಹೊತ್ತು ದಣಿದಿದ್ದೀರಿ. ನೀವು ಮಗನ ಬಗ್ಗೆ ಕೇಳಿದ್ದೀರಿ. ನಾನು ಮೊದಲು ನಿಮ್ಮ ಬಗ್ಗೆ ಹೇಳುತ್ತೇನೆ.

ನಿದ್ದೆಗೇಡು, ಅಳು, ಸಣ್ಣದಕ್ಕೂ ಸಿಡುಕು ಎಷ್ಟು ದಿನದಿಂದ ಇದೆ? ಎರಡು ವಾರಕ್ಕಿಂತ ಹೆಚ್ಚು ಕಾಲ ಹೆಚ್ಚುಕಡಿಮೆ ದಿನವೂ ಹೀಗೇ ಇದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ನಲವತ್ತು ದಾಟಿದ ಹೆಂಗಸರಲ್ಲಿ ಥೈರಾಯ್ಡ್ ಏರುಪೇರು, ರಕ್ತಹೀನತೆ, ಮುಟ್ಟು ನಿಲ್ಲುವ ಮುಂಚಿನ ಹಾರ್ಮೋನ್ ಬದಲಾವಣೆ, ಇವೂ ಮನಸ್ಸನ್ನು ಹಿಂಡುತ್ತವೆ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಈ ವಾರವೇ ಮಾಡಿಸಿ. ಮಕ್ಕಳ ಜ್ವರಕ್ಕೆ ರಜೆ ಹಾಕುವ ತಾಯಂದಿರು ತಮ್ಮ ರಕ್ತಪರೀಕ್ಷೆಯನ್ನು ತಿಂಗಳುಗಟ್ಟಲೆ ಮುಂದೂಡುತ್ತಾರೆ. ನನಗೆ ಬಹಳ ಬೇಸರ ತರುವ ಸಂಗತಿ ಇದು.

ಇನ್ನು ಆ ಏಟು. ಹೊಡೆತದಿಂದ ಮಕ್ಕಳು ತಿದ್ದಿಕೊಳ್ಳುವುದಿಲ್ಲ, ಅಡಗಿಸುವುದನ್ನು ಕಲಿಯುತ್ತಾರೆ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮನೆಯಲ್ಲೂ ಅದು ಬೇಡ. ಆದರೆ ಆಗಿಹೋದದ್ದು ಅಲ್ಲಿಗೇ ಮುಗಿಯಬೇಕಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಿಂದ ತಾಯಿ ಮತ್ತು ಎಳೆಮಗುವಿನ ಒಡನಾಟವನ್ನು ಗಮನಿಸುತ್ತ ಬಂದವರು. ಎಲ್ಲ ಸರಿಯಿರುವ ತಾಯಿ-ಮಗುವಿನ ನಡುವೆಯೂ ತಾಳ ಮತ್ತೆ ಮತ್ತೆ ತಪ್ಪುತ್ತದೆ, ತಪ್ಪಿದ ಮೇಲೆ ಮತ್ತೆ ಕೂಡಿಕೊಳ್ಳುವುದರಿಂದಲೇ ಮಗುವಿಗೆ ಭರವಸೆ ಹುಟ್ಟುತ್ತದೆ ಎಂಬುದು ಅವರು ಕಂಡದ್ದು. ಹದಿಹರೆಯದವರ ವಿಷಯದಲ್ಲೂ ನಾನು ಇದನ್ನೇ ನಂಬುತ್ತೇನೆ.

ಹಾಗಾಗಿ ಮೊದಲ ಹೆಜ್ಜೆ ನಿಮ್ಮದು. ಅವನ ಬಾಗಿಲು ತಟ್ಟಿ, "ಆವತ್ತು ಹೊಡೆದದ್ದು ನನ್ನ ತಪ್ಪು ಮಗಾ. ಇನ್ನು ಹೊಡೆಯುವುದಿಲ್ಲ" ಎಂದು ಹೇಳಿ ಬನ್ನಿ. ಅಷ್ಟೇ. "ಆದರೆ ನೀನೂ..." ಎಂದು ಬಾಲ ಸೇರಿಸಿದರೆ ಹೇಳಿದ್ದೆಲ್ಲ ವ್ಯರ್ಥ. ಅವನು ಉತ್ತರ ಕೊಡದಿದ್ದರೂ ಬೇಸರಿಸಬೇಡಿ, ಕೇಳಿಸಿಕೊಂಡಿರುತ್ತಾನೆ. ದೊಡ್ಡವರು ತಪ್ಪು ಒಪ್ಪಿದರೆ ಮಕ್ಕಳು ತಲೆ ಮೇಲೆ ಕೂರುತ್ತಾರೆಂದು ಹಿರಿಯರು ಹೆದರುತ್ತಾರೆ. ಹೊಸ ಮೊಬೈಲ್ ಕೊಡಿಸಿ ರಾಜಿಯಾದರೆ ಹಾಗಾದೀತು, ತಪ್ಪು ಒಪ್ಪಿದರೆ ಆಗದು.

ಅವನ ಎದುರುತ್ತರ ನಿಮ್ಮ ಮೇಲಿನ ದ್ವೇಷವಲ್ಲ. ಆವೇಗವನ್ನು ತಡೆದು ಯೋಚಿಸುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸು ಆಗಬೇಕು. ಭಾವನೆಗಳ ಕೇಂದ್ರಗಳು ಅದಕ್ಕಿಂತ ಬಹಳ ಮೊದಲೇ ಚುರುಕಾಗಿರುತ್ತವೆ. ಈ ವಯಸ್ಸಿನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಕೂಡ ರಾತ್ರಿ ತಡವಾಗಿ ಏರುತ್ತದೆ. ಹದಿಹರೆಯಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಎಸ್ಸೆಸ್ಸೆಲ್ಸಿಯ ಹೆಸರಿನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುವ ಪದ್ಧತಿ ನಮ್ಮ ಕಡೆ ಇದೆ. ರಾತ್ರಿ ಹನ್ನೊಂದಕ್ಕೆ ಮಲಗಿದವನನ್ನು ಹಾಗೆ ಎಬ್ಬಿಸಿದರೆ ಓದಿದ್ದೂ ತಲೆಯಲ್ಲಿ ನಿಲ್ಲುವುದಿಲ್ಲ, ಸಿಡುಕೂ ಏರುತ್ತದೆ.

ಬಸ್ಸಿಳಿದು ಬಂದ ಮೊದಲ ಅರ್ಧ ಗಂಟೆ ಮೊಬೈಲ್, ಮಾರ್ಕ್ಸ್, ಟ್ಯೂಷನ್ ಯಾವುದನ್ನೂ ಎತ್ತಬೇಡಿ. ಕೈಕಾಲು ತೊಳೆದು ಚಾ ಕುಡಿಯಿರಿ, ಅವನಿಗೂ ತಿನ್ನಲು ಏನಾದರೂ ಕೊಡಿ. ರಾತ್ರಿ ಹತ್ತರ ನಂತರ ಮೊಬೈಲ್ ಚಾವಡಿಯಲ್ಲಿ ಚಾರ್ಜಿಗಿರಲಿ. ನಿಮ್ಮದೂ ಅಲ್ಲೇ ಇರಬೇಕು, ಇಲ್ಲದಿದ್ದರೆ ಈ ನಿಯಮ ಒಂದು ವಾರವೂ ನಿಲ್ಲದು.

ಯಜಮಾನರಿಗೂ ಒಂದು ಮಾತು. ವಿಡಿಯೋ ಕಾಲ್ ಮಗನ ಮೇಲಿನ ದೂರು ಕೇಳುವ ಹೊತ್ತಾಗಬಾರದು. ದಿನಕ್ಕೆ ಹತ್ತು ನಿಮಿಷ, ಪರೀಕ್ಷೆಯ ಸುದ್ದಿಯಿಲ್ಲದೆ, ಅವನ ಜೊತೆ ಮಾತಾಡಲಿ. ನಿಮಗೆ ಅಣ್ಣ ಅಥವಾ ತಮ್ಮ ಇದ್ದರೆ ಭಾನುವಾರ ಅವನನ್ನು ಹೊರಗೆ ಕರೆದುಕೊಂಡು ಹೋಗಲು ಹೇಳಿ. ಮನೆತನ ತಾಯಿಯ ಕಡೆಯಿಂದ ಸಾಗುವ ಅಳಿಯಕಟ್ಟಿನ ಈ ನಾಡಿನಲ್ಲಿ ಸೋದರಮಾವನ ಮಾತಿಗೆ ಬೆಲೆ ಇತ್ತು, ಇಂದಿಗೂ ಪೂರ್ತಿ ಹೋಗಿಲ್ಲ. ತಂದೆ-ತಾಯಿಗೆ ಹೇಳಲಾಗದ್ದನ್ನು ಹುಡುಗರು ಮಾವನಿಗೆ ಹೇಳುತ್ತಾರೆ.

ಇಷ್ಟಾದರೂ ಅವನು ಗೆಳೆಯರಿಂದ ದೂರವಾದರೆ, ಊಟ-ನಿದ್ದೆ ಕೆಟ್ಟರೆ, ಕೈಯಲ್ಲಿ ಗಾಯದ ಗೀರು ಕಂಡರೆ, "ನಾನು ಇಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು" ಎಂಬಂಥ ಮಾತು ಬಂದರೆ ಕಾಯಬೇಡಿ. "ಸಾಯುವ ಯೋಚನೆ ಬರುತ್ತದಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ಗದ್ದೆ-ತೋಟದ ವಿಷ, ಮಾತ್ರೆಗಳನ್ನು ಕೈಗೆ ಸಿಗದಂತೆ ಇಟ್ಟು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಉಡುಪಿಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆ, ಅಜ್ಜರಕಾಡಿನ ಜಿಲ್ಲಾಸ್ಪತ್ರೆ ನಿಮಗೆ ಹತ್ತಿರ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿಮಾನಸ್ ಸಹಾಯವಾಣಿ 14416 ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆ ಬಾರದ ರಾತ್ರಿ ನಿಮಗಾಗಿಯೂ ಆ ಸಂಖ್ಯೆ ಒತ್ತಿ.

ಪ್ರಶ್ನೆ: ಊರು ಕಾಪು. ಮಲ್ಪೆಯ ಬೋಟಿನಲ್ಲಿ ದುಡಿಯುತ್ತೇನೆ. ಮಳೆಗಾಲದ ರಜೆಯಲ್ಲಿ ಮನೆಯಲ್ಲಿದ್ದರೂ 13 ವರ್ಷದ ಮಗಳು ಮೊದಲಿನಂತೆ ಹತ್ತಿರ ಬರುವುದಿಲ್ಲ. ಕೇಳಿದ್ದಕ್ಕೆ "ಎಂತ ಇಲ್ಲ" ಎನ್ನುತ್ತಾಳೆ.

ಉತ್ತರ: ಮೈನೆರೆಯುವ ವಯಸ್ಸಿನಲ್ಲಿ ಹೆಣ್ಣುಮಕ್ಕಳು ಅಪ್ಪನಿಂದ ಒಂದಿಷ್ಟು ದೂರ ನಿಲ್ಲುವುದು ಸಹಜ. ಅದನ್ನು ಕಂಡು ಅಪ್ಪಂದಿರೇ ಸಂಕೋಚದಿಂದ ಇನ್ನೂ ದೂರ ಸರಿದುಬಿಡುತ್ತಾರೆ. ಹಾಗೆ ಮಾಡಬೇಡಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ನಿಮಗೆ ಸಿಗುವ ದೊಡ್ಡ ಅವಕಾಶ. ಎದುರು ಕೂರಿಸಿ ವಿಚಾರಿಸಿದರೆ "ಎಂತ ಇಲ್ಲ" ಎಂಬ ಉತ್ತರವೇ ಬರುತ್ತದೆ. ಶಾಲೆಯಿಂದ ಕರೆತರುವಾಗ, ಬಲೆ ಸರಿಮಾಡುವಾಗ, ಮೀನು ಶುಚಿ ಮಾಡುವಾಗ ಜೊತೆಗಿರಿ; ಕೈಗೆ ಕೆಲಸವಿದ್ದಾಗ ಮಾತು ತಾನಾಗಿ ಬರುತ್ತದೆ. ಬಂದಾಗ ತಕ್ಷಣ ಬುದ್ಧಿ ಹೇಳಬೇಡಿ, "ಮತ್ತೆ ಎಂತಾಯ್ತು?" ಎಂದು ಕೇಳಿ.