ಸುಂಕದವನಿಲ್ಲದ ಸುಂಕದಕಟ್ಟೆ

ಮೈಸೂರಿನ ಅಮ್ಮನ ಮನೆಯಿಂದ ಭಾನುವಾರ ಎಷ್ಟು ಹೊತ್ತಿಗೆ ಹೊರಡಬೇಕು ಎನ್ನುವುದು ನಮ್ಮಲ್ಲಿ ಎರಡು ವರ್ಷ ನಡೆದ ಜಗಳ. ಕಾರಣ ಟೋಲ್. ರಾಷ್ಟ್ರೀಯ ಹೆದ್ದಾರಿಯ ಟೋಲ್ ದಾಟಿ 24 ಗಂಟೆಯೊಳಗೆ ವಾಪಸಾದರೆ ಹೋಗಿಬರಲು ಸೇರಿ ಒಂದೂವರೆ ಪಟ್ಟು ಸುಂಕ. ಬರುವಾಗ ಫಾಸ್ಟ್‌ಟ್ಯಾಗ್‌ನಿಂದ ಅರ್ಧವಷ್ಟೇ ಕಡಿತವಾಗುತ್ತದೆ, ಯಾರನ್ನೂ ಕೇಳಬೇಕಿಲ್ಲ. ಹೊತ್ತು ಮೀರಿದರೆ ಪೂರ್ತಿ.

ಇದನ್ನು ಓದಿಕೊಂಡ ನಾನು ಮಹಾ ಲೆಕ್ಕಾಚಾರಸ್ಥನಂತೆ ಶನಿವಾರ ಬೆಳಿಗ್ಗೆ ಹೋಗಿ ಭಾನುವಾರ ಬೆಳಿಗ್ಗೆ ಬರುವ ಪದ್ಧತಿ ಹಾಕಿಕೊಂಡೆ. ತಪ್ಪಿದ್ದು ಇಲ್ಲೇ. ಬೆಂಗಳೂರು–ಮೈಸೂರು ದಶಪಥದಲ್ಲಿ ಟೋಲ್ ಎರಡು ಕಡೆ: ಬಿಡದಿ ಹತ್ತಿರ ಒಂದು, ಶ್ರೀರಂಗಪಟ್ಟಣದ ಹತ್ತಿರ ಗಣಂಗೂರಿನಲ್ಲಿ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಗಡಿಯಾರ. ಏಳಕ್ಕೆ ಬಿಡದಿ ದಾಟಿದರೆ ಗಣಂಗೂರು ಬರುವಾಗ ಎಂಟು. ಮಾರನೆಯ ದಿನ ಏಳೂವರೆಗೆ ಹೊರಟರೆ ಗಣಂಗೂರಿನ ಅರ್ಧ ಸುಂಕವೇನೋ ಹೇಗೋ ಗಿಟ್ಟೀತು. ಆದರೆ ಬಿಡದಿಯ ಗಡಿಯಾರ ಶುರುವಾದದ್ದು ಮೊದಲು, ನಾವು ಅಲ್ಲಿಗೆ ಮರಳಿ ತಲುಪುವುದು ಕೊನೆಗೆ. ಏಳರೊಳಗೆ ಅಲ್ಲಿರಬೇಕಾದರೆ ಅಮ್ಮನ ಮನೆಯನ್ನು ಐದೂಕಾಲಿಗೇ ಬಿಡಬೇಕು. “ತಿಂಡಿ ತಿನ್ನದೆ ಹೊರಡ್ತೀಯೇನೋ? ಒಂದೊಬ್ಬೆ ಇಡ್ಲಿ ಇಳಿಸಿ ಕೊಡ್ತೀನಿ ಇರು” ಅನ್ನುವ ಅಮ್ಮನ ಮುಂದೆ ಎಂಬತ್ತು ರೂಪಾಯಿಯ ವಾದ ನಿಲ್ಲುತ್ತದೆಯೇ?

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಕೇಳದಿದ್ದರೂ ಎದುರಿಗೆ ಒಬ್ಬ ಮನುಷ್ಯನಾದರೂ ಇದ್ದ. 2021ರ ಫೆಬ್ರುವರಿಯಲ್ಲಿ ಫಾಸ್ಟ್‌ಟ್ಯಾಗ್ ಕಡ್ಡಾಯವಾದ ಮೇಲೆ ಗಾಜಿಗಂಟಿದ ಚೀಟಿ, ನೆತ್ತಿಯ ಮೇಲೊಂದು ರೀಡರ್, ಏಳುವ ಅಡ್ಡಕೋಲು, ಅಷ್ಟೇ. ಹಿಂದೆ ಐನೂರರ ನೋಟು ಮುರಿಸುವಾಗ ಹೊಟ್ಟೆ ಚುರುಕ್ ಅನ್ನುತ್ತಿತ್ತು. ಈಗ ಬರುವ ಮೆಸೇಜನ್ನು ನಾನು ಓದುವುದೇ ಇಲ್ಲ. ಒಂದು ಮಾರ್ಚ್ ಕೊನೆಯಲ್ಲಿ ತೆರಿಗೆ ಕಾಗದ ಹುಡುಕುತ್ತಾ ಟ್ಯಾಗ್‌ನ ಸ್ಟೇಟ್‌ಮೆಂಟ್ ತೆರೆದೆ. ವರ್ಷಕ್ಕೆ ಒಂಬತ್ತು ಸಾವಿರ ಚಿಲ್ಲರೆ! ಕೇಳಿದ್ದರೆ ನಾಲ್ಕು ಸಾವಿರ ಎನ್ನುತ್ತಿದ್ದೆ.

ಹಾಗಾಗಿ 2025ರ ಆಗಸ್ಟ್ 15ಕ್ಕೆ ವಾರ್ಷಿಕ ಪಾಸ್ ಬಂದಾಗ ಪೆನ್ಸಿಲ್ ಹಿಡಿದು ಕೂತೆ. ಸ್ವಂತ ಕಾರಿಗೆ ಆಗ 3,000 ರೂಪಾಯಿ. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ಈ ಟ್ರಿಪ್ ಅನ್ನುವ ಮಾತಿನಲ್ಲಿ ಎಡವಬೇಡಿ. ನಮ್ಮ ದಾರಿಯಲ್ಲಿ ಒಂದು ಸಲ ಟೋಲ್ ದಾಟಿದರೆ ಒಂದು ಟ್ರಿಪ್. ಮೈಸೂರಿಗೆ ಹೋಗಿಬಂದರೆ ನಾಲ್ಕು. ಒಂದೊಂದು ಸಲ ದಾಟಲು ನೂರೈವತ್ತರ ಮೇಲೆ ಕಟ್ಟುತ್ತಿದ್ದವನಿಗೆ ಐದನೆಯ ಪ್ರಯಾಣಕ್ಕೇ ಅಸಲು ಹುಟ್ಟಿತು. ವರ್ಷಕ್ಕೆ ಎರಡೇ ಸಲ ಊರಿಗೆ ಹೋಗುವ ನನ್ನ ಭಾವನಿಗೆ ಮಾತ್ರ ಬೇಡವೆಂದೆ. ಅವನು ಕೇಳಲಿಲ್ಲ. ಉಳಿಸುವ ಆಸೆಗೆ ಖರ್ಚು ಮಾಡುವವರ ವಂಶ ಅದು.

ಪಾಸ್ ಬಂದ ಖುಷಿಯಲ್ಲಿ ಟ್ಯಾಗ್‌ನ ವ್ಯಾಲೆಟ್‌ಗೆ ದುಡ್ಡು ಹಾಕುವುದನ್ನೇ ಮರೆತೆ. ಮೈಸೂರು ರಸ್ತೆ ಸೇರಲು ನಾನು ಹಿಡಿಯುವುದು ನೈಸ್ ರಸ್ತೆ. ಪಾಸ್ ನಡೆಯುವುದು ರಾಷ್ಟ್ರೀಯ ಹೆದ್ದಾರಿ, ಎಕ್ಸ್‌ಪ್ರೆಸ್‌ವೇಗಳ ಟೋಲಿನಲ್ಲಷ್ಟೇ. ನೈಸ್‌ನಲ್ಲಿ, ರಾಜ್ಯ ಹೆದ್ದಾರಿಗಳಲ್ಲಿ ವ್ಯಾಲೆಟ್ಟೇ ಗತಿ. ಕೆಂಪು ದೀಪ ಬಿತ್ತು, ಹಿಂದಿನವರು ಹಾರ್ನ್ ಬಾರಿಸಿದರು, ನಾನು ಪರ್ಸ್ ತಡಕಾಡಿದೆ.

ಅದಕ್ಕೂ ಮುಂಚೆ, 2024ರಲ್ಲಿ ಕಲಿತ ಪಾಠ ಇನ್ನೂ ದುಬಾರಿ. ಕಾರಿನ ಜತೆ ಬಂದ ಹಳೆಯ ಟ್ಯಾಗ್ ಇರುವಾಗಲೇ ಇನ್ನೊಂದು ಬ್ಯಾಂಕಿನದು ಮಾಡಿಸಿ, ಹಳೆಯದಕ್ಕೇ ರೀಚಾರ್ಜ್ ಮಾಡುತ್ತಾ ಹೋದೆ. ಒಂದು ವಾಹನಕ್ಕೆ ಒಂದೇ ಟ್ಯಾಗ್ ಎಂಬ ನಿಯಮ ಬಂದು ಹಳೆಯದು ಸತ್ತಿತ್ತು, ಹೊಸದರಲ್ಲಿ ಕಾಸಿರಲಿಲ್ಲ. ನಗದಿನಲ್ಲಿ ಎರಡು ಪಟ್ಟು ಕಟ್ಟಿದೆ. (2025ರ ನವೆಂಬರ್ 15ರಿಂದ ಯುಪಿಐಯಲ್ಲಿ ಕಟ್ಟಿದರೆ ಒಂದೂಕಾಲು ಪಟ್ಟು ಎಂದಾಗಿದೆ; ನಗದಿಗೆ ಆಗಲೂ ಎರಡು ಪಟ್ಟೇ ಇತ್ತು.) ಹಳೆಯ ಟ್ಯಾಗನ್ನು ಮುಚ್ಚಿಸಿ, ಬಾಕಿ ಹಣ ಮತ್ತು ಸೆಕ್ಯುರಿಟಿ ಡೆಪಾಸಿಟ್ ವಾಪಸ್ ಪಡೆಯಲು ಮೂರು ತಿಂಗಳು, ಏಳು ಫೋನು. ಬಂತು ಅನ್ನಿ. ಎಷ್ಟು ಜನ ಆ ಡೆಪಾಸಿಟ್ ಕೇಳಿರುತ್ತಾರೋ.

ಪಾಸಿಗೆ 24 ಗಂಟೆಯ ಹಂಗಿಲ್ಲ, ಯಾವಾಗ ದಾಟಿದರೂ ಒಂದೇ ಎಣಿಕೆ. ಈಗ ಇಡ್ಲಿ ತಿಂದು, ಕಾಫಿ ಕುಡಿದು, ಹನ್ನೊಂದಕ್ಕೆ ಹೊರಡುತ್ತೇವೆ. ಪಾಸಿಗೆ ಹತ್ತನೆಯ ತಿಂಗಳು ನಡೆಯುತ್ತಿದೆ. ಮೈಸೂರಿನದು, ತುಮಕೂರು ಕಡೆಯದು ಎಲ್ಲಾ ಸೇರಿ 62 ಟ್ರಿಪ್ ಮುಗಿದಿದೆ. ಮೊನ್ನೆ ಅಮ್ಮ ಪಾತ್ರೆ ಒರೆಸುತ್ತಾ ಕೇಳಿದಳು, “ಇನ್ನೂ ಎಷ್ಟು ಮಿಕ್ಕಿದೆಯೋ ಅದರಲ್ಲಿ?”

“ನೂರ ಮೂವತ್ತೆಂಟು.”

“ದುಡ್ಡು ಮೊದಲೇ ಕಟ್ಟಿ ಆಗಿದೆ ತಾನೆ? ಮತ್ತೆ ತಿಂಗಳಿಗೆ ಒಂದೇ ಸಲ ಯಾಕೆ ಬರ್ತೀಯ?”