ಡಿಕೋಡರ್ ಮಾಡಬಹುದು, ಪೊಲೀಸ್ ವೈರ್‌ಲೆಸ್ ಕೇಳಬಹುದೇ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್‌ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ಲಕ್ಷ ಕ್ಯುಸೆಕ್ ಆಸುಪಾಸಿನ ನೀರನ್ನು ನದಿಗೆ ಬಿಡಬೇಕಾಯಿತು. ಹಂಪಿಯ ಪುರಂದರ ಮಂಟಪದಿಂದ ಕಂಪ್ಲಿಯ ಸೇತುವೆಯವರೆಗೆ ನದಿದಂಡೆಯವರಿಗೆ ಇದ್ದ ಪ್ರಶ್ನೆ ಒಂದೇ: ಎಷ್ಟು ಬಿಟ್ಟರು, ನಮ್ಮ ಕಡೆ ಯಾವಾಗ ಮುಟ್ಟುತ್ತದೆ?

ಆ ಪ್ರಶ್ನೆಯಿಂದಲೇ ಹುಟ್ಟಿದ ಇನ್ನೊಂದು ಪ್ರಶ್ನೆಯನ್ನು ಕಾನೂನು ಅರಿವು ಶಿಬಿರಗಳಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಹುಡುಗರು ಕೇಳುತ್ತಾರೆ. "ಸಾರ್, ಪೊಲೀಸರ, ಅಗ್ನಿಶಾಮಕದವರ ವೈರ್‌ಲೆಸ್ ಟೋನ್ ಹಿಡಿದು ಊರಿಗೆ ಮೊದಲೇ ಎಚ್ಚರಿಕೆ ಕೊಡೋ ಡಿಕೋಡರ್ ಮಾಡ್ತೀವಿ, ತಪ್ಪಾ?" ಅವರ ಉದ್ದೇಶ ಒಳ್ಳೆಯದು. ಅದಕ್ಕೇ ಉತ್ತರವನ್ನು ಅರ್ಧಂಬರ್ಧ ಹೇಳಬಾರದು.

ಯಂತ್ರದ ವಿಷಯ ಸರಳ. "ಕನ್ನಡಕ್ಕಾಗಿ 1 ಒತ್ತಿ" ಎಂದಾಗ ಫೋನಿನಿಂದ ಹೊರಡುವ ಟೊಂಯ್ ಸದ್ದಿನಲ್ಲಿ ಎರಡು ಸ್ವರ ಸೇರಿರುತ್ತವೆ. ಎಂಟು ಸ್ವರಗಳ ಜೋಡಿಯಿಂದ ಹದಿನಾರು ಸಂಕೇತ. ಅವನ್ನು ಗುರುತಿಸಲು 8870 ಎಂಬ ಚಿಪ್, ಒಂದು ಕ್ರಿಸ್ಟಲ್, ನಾಲ್ಕೈದು ಬಿಡಿಭಾಗ ಸಾಕು. ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಅಮೆರಿಕದ ಅಗ್ನಿಶಾಮಕ ಠಾಣೆಗಳಲ್ಲಿ ಒಂದರ ಹಿಂದೆ ಒಂದು ಎರಡು ಸ್ವರ ಕಳಿಸಿ, ನಿರ್ದಿಷ್ಟ ಠಾಣೆಯ ಸಿಬ್ಬಂದಿಯನ್ನು ಮಾತ್ರ ಎಬ್ಬಿಸುವ ಪದ್ಧತಿಯಿದೆ. ಅದನ್ನು ಹಿಡಿಯುವ ಸರ್ಕ್ಯೂಟೂ ಇದೇ ಜಾತಿಯದು. ಇಂಥ ಸರ್ಕ್ಯೂಟ್ ಕಟ್ಟಿ ನಿಮ್ಮದೇ ಮೊಬೈಲಿನ, ಕಂಪ್ಯೂಟರಿನ ಸದ್ದು ಕೊಟ್ಟು ಪರೀಕ್ಷಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಪ್ರಾಜೆಕ್ಟಿಗೆ ಅಷ್ಟು ಸಾಕು.

ತೊಡಕು ಶುರುವಾಗುವುದು ಅದಕ್ಕೆ ವೈರ್‌ಲೆಸ್ ರಿಸೀವರ್ ಜೋಡಿಸಿ, ಬೇರೆಯವರ ಸಂದೇಶಕ್ಕೆ ಕಿವಿ ಕೊಟ್ಟಾಗ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದನ್ನೇ ಅಪರಾಧವೆಂದಿತು. ಮನೆಯ ರೇಡಿಯೊಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಆ ಶುಲ್ಕ 1980ರ ದಶಕದಲ್ಲಿ ಹೋಯಿತು. ಆಕಾಶವಾಣಿ ಕೇಳಲು ಈಗ ಯಾರ ಅಪ್ಪಣೆಯೂ ಬೇಡ, ಅದು ಎಲ್ಲರಿಗಾಗಿ ಬಿತ್ತರವಾಗುವ ದನಿ. ಪೊಲೀಸ್ ಕಂಟ್ರೋಲ್ ರೂಮು ಜೀಪಿಗೆ ಹೇಳುವ ಮಾತು ಹಾಗಲ್ಲ. 2023ರ ದೂರಸಂಪರ್ಕ ಕಾಯ್ದೆಯ ಕಲಂ 42 ಜಾರಿಗೆ ಬಂದದ್ದು 2024ರ ಜೂನ್ 26ರಂದು. ಸಂದೇಶವನ್ನು ಕಾನೂನುಬಾಹಿರವಾಗಿ ನಡುವೆ ಹಿಡಿದರೆ 3 ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡೂ. "ಕೇಳಿದ್ದೇನೆ ಅಷ್ಟೇ, ಮಾತಾಡಿಲ್ಲ" ಎಂಬುದು ಇಲ್ಲಿ ಸಮಜಾಯಿಷಿ ಆಗುವುದಿಲ್ಲ.

ಈ ನಿರ್ಬಂಧ ಬೇಕೇ ಎಂದರೆ, ಬೇಕು ಎನ್ನುವವನು ನಾನು. ಆಂಬುಲೆನ್ಸಿಗೆ ಹೋಗುವ ಸಂದೇಶದಲ್ಲಿ ಯಾರದೋ ಮನೆಯ ವಿಳಾಸವಿರುತ್ತದೆ, ಯಾರದೋ ಮಗಳ ಸ್ಥಿತಿಯಿರುತ್ತದೆ. ಆ ಮನೆಯವರಿಗಿಂತ ಮೊದಲು ಅದು ಊರಿನ ವಾಟ್ಸಾಪ್ ಗುಂಪಿಗೆ ಹೋಗುವುದು ಸೇವೆಯಲ್ಲ.

ಸಂಡೂರಿನವರಿಗೆ ಒಂದು ಮಾತು. ಗಣಿಗಳಲ್ಲಿ ವಾಕಿಟಾಕಿ ದಿನಬಳಕೆಯ ವಸ್ತು. ಆದರೆ ಅದರ ಲೈಸೆನ್ಸ್ ಕಂಪನಿಯ ಹೆಸರಿನಲ್ಲಿರುತ್ತದೆ. ಗುಜರಿಗೆ ಬಂದ ಸೆಟ್ಟನ್ನು ಕೊಂಡು ರಿಪೇರಿ ಮಾಡಿ ಇಟ್ಟುಕೊಂಡರೆ, ಅದರ ಜತೆ ಲೈಸೆನ್ಸ್ ಬಂದಿರುವುದಿಲ್ಲ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಸೆಟ್ಟುಗಳ ಕತೆಯೂ ಅದೇ. 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ, ಸರ್ಕಾರದ ಅನುಮೋದನೆ ಪಡೆದ ಕಡಿಮೆ ಶಕ್ತಿಯ ಸೆಟ್ಟುಗಳಿಗೆ 2018ರ ನಿಯಮಗಳು ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿವೆ. ಉಳಿದವನ್ನು ವಿವರ ಮುಚ್ಚಿಟ್ಟು ಮಾರುವ ಅಂಗಡಿಗಳಿಗಾಗಿಯೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಮಾರ್ಗಸೂಚಿ ಹೊರಡಿಸಿತು. ಹಂಪಿಯಲ್ಲಿ ಹೋಮ್‌ಸ್ಟೇ ನಡೆಸುವವರು ವಿದೇಶಿ ಅತಿಥಿಗಳಿಗೆ ಮೊದಲೇ ತಿಳಿಸಬೇಕಾದ ಸಂಗತಿಯೊಂದಿದೆ: ಅನುಮತಿಯಿಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳುವುದು ಈ ದೇಶದಲ್ಲಿ ಅಪರಾಧ.

ಹಾಗಾದರೆ ಆಸಕ್ತಿಯಿರುವ ಹುಡುಗ, ಹುಡುಗಿಗೆ ದಾರಿ? ಹ್ಯಾಮ್ ರೇಡಿಯೊ, ಅಂದರೆ ಲೈಸೆನ್ಸ್ ಪಡೆದು ನಡೆಸುವ ಹವ್ಯಾಸಿ ರೇಡಿಯೊ. 12 ವರ್ಷ ತುಂಬಿದ್ದರೆ ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತ ಬೇಡ, ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದದ ವೇಗ ಬೇಕು. ಕೇಂದ್ರ ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಲೈಸೆನ್ಸ್ ಸಿಕ್ಕ ಮೇಲೆ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ನಿಮ್ಮದೇ ಟೋನ್ ಕಳಿಸಿ, ನಿಮ್ಮದೇ ಡಿಕೋಡರಿನಲ್ಲಿ ಹಿಡಿಯಿರಿ. ನೆರೆಯಲ್ಲಿ ಮೊಬೈಲ್ ಟವರ್ ಸತ್ತಾಗ ಜಿಲ್ಲಾಡಳಿತಕ್ಕೆ ನೆರವಾಗುವವರೂ ಹ್ಯಾಮ್‌ಗಳೇ. ಆದರೆ ಹ್ಯಾಮ್ ಲೈಸೆನ್ಸ್ ಇದ್ದ ಮಾತ್ರಕ್ಕೆ ಪೊಲೀಸ್ ಚಾನೆಲ್ ಕೇಳುವ ಹಕ್ಕು ಬರುವುದಿಲ್ಲ.

ಅಷ್ಟರೊಳಗೆ ಪೊಲೀಸರು ಮನೆಗೆ ಬಂದು ಸೆಟ್ ಎತ್ತಿಕೊಂಡರೆ ಗಾಬರಿಯಾಗಬೇಡಿ, ವಸ್ತುವನ್ನು ಬಚ್ಚಿಡಲೂ ಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರಂತೆ ಶೋಧನೆ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು, ವಸ್ತುಗಳ ಪಟ್ಟಿ ಬರೆದು ಪಂಚರ ಸಹಿ ಹಾಕಿಸಬೇಕು. ಪಟ್ಟಿಯ ಪ್ರತಿ ಕೇಳಿ ಪಡೆಯಿರಿ. 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಪ್ರಕರಣಗಳಲ್ಲಿ ಬಂಧನದ ಅಗತ್ಯವಿಲ್ಲದಿದ್ದರೆ ಕಲಂ 35(3)ರ ನೋಟಿಸ್ ಕೊಟ್ಟು ಕರೆಯಬೇಕು. ನೋಟಿಸ್ ಬಂದರೆ ತಪ್ಪದೆ ಹಾಜರಾಗಿ. ಬಂಧಿಸಿದರೆ ಕಾರಣ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಕೀಲರಿಗೆ ಹಣವಿಲ್ಲವೆಂದರೆ ಕಾನೂನು ಸೇವಾ ಸಹಾಯವಾಣಿ 15100 ಇದೆ. ಬಂಧನದಲ್ಲಿರುವವರು, ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ನೆರೆ ಸಂತ್ರಸ್ತರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರಿಗೆ ಅರ್ಹರು.

ಈಗ ಮೂಲ ಪ್ರಶ್ನೆಗೆ ಬರೋಣ. ಎಚ್ಚರಿಕೆಯನ್ನು ಕದ್ದು ಕೇಳಬೇಕಾದ ಸ್ಥಿತಿಯೇ ಬರಬಾರದು, ಯಾಕೆಂದರೆ ಅದು ನಮಗೆ ಸಲ್ಲಬೇಕಾದದ್ದು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅಣೆಕಟ್ಟಿನ ಮಾಲೀಕರ ಮೇಲೆಯೇ ಹೊಣೆ ಹೊರಿಸಿದೆ: ಕೆಳದಂಡೆಗೆ ಪ್ರವಾಹ ಎಚ್ಚರಿಕೆಯ ವ್ಯವಸ್ಥೆ ಇರಬೇಕು, ತುರ್ತು ಕ್ರಿಯಾ ಯೋಜನೆ ಇರಬೇಕು, ನೀರಿನ ಹೊರಹರಿವಿನ ಮಾಹಿತಿ ಸಾರ್ವಜನಿಕರಿಗೆ ಸಿಗಬೇಕು. 2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳೆಲ್ಲ ಒಮ್ಮೆಗೇ ಕಿರುಚಿದ್ದು ನೆನಪಿದೆಯಲ್ಲ? ಅದು ಸೆಲ್ ಬ್ರಾಡ್‌ಕಾಸ್ಟ್ ಎಚ್ಚರಿಕೆಯ ಪ್ರಯೋಗ. ಫೋನಿನ ಸೆಟ್ಟಿಂಗಿನಲ್ಲಿ ತುರ್ತು ಎಚ್ಚರಿಕೆ ಆಫ್ ಆಗಿದ್ದರೆ ಇವತ್ತೇ ಆನ್ ಮಾಡಿ, ಅಮ್ಮನ ಫೋನಿನಲ್ಲೂ ನೋಡಿ.

ಎಚ್ಚರಿಕೆಯ ವ್ಯವಸ್ಥೆ ನಿಮ್ಮೂರಿಗೆ ಮುಟ್ಟಿದೆಯೇ ಎಂದು ತಿಳಿಯಲು 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಅಣೆಕಟ್ಟಿನ ಬಗ್ಗೆ ಕೇಳಬೇಕಾದದ್ದು ತುಂಗಭದ್ರಾ ಮಂಡಳಿಯನ್ನು. ಊರಿನ ವ್ಯವಸ್ಥೆಯ ಬಗ್ಗೆಯಾದರೆ ಹೊಸಪೇಟೆ, ಹಂಪಿಯವರು ವಿಜಯನಗರ ಜಿಲ್ಲಾಧಿಕಾರಿ ಕಚೇರಿಗೆ, ಕಂಪ್ಲಿ, ಸಂಡೂರಿನವರು ಬಳ್ಳಾರಿಗೆ ಬರೆಯಬೇಕು. 2021ರಲ್ಲಿ ಜಿಲ್ಲೆ ಒಡೆದ ಮೇಲೆ ಹಲವರು ಇಲ್ಲಿ ಎಡವುತ್ತಾರೆ. ಎಡವಿದರೂ ಚಿಂತೆಯಿಲ್ಲ, ಕಲಂ 6(3)ರಂತೆ ಕಚೇರಿಯೇ ಅರ್ಜಿಯನ್ನು 5 ದಿನದಲ್ಲಿ ಸರಿಯಾದ ಜಾಗಕ್ಕೆ ವರ್ಗಾಯಿಸಬೇಕು. ರಾಜ್ಯದ ಕಚೇರಿಗಳಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ. ಅರ್ಜಿಯ ಒಕ್ಕಣೆ ಇಷ್ಟೇ ಸಾಕು:

"ನಮ್ಮ ಗ್ರಾಮಕ್ಕೆ ತುಂಗಭದ್ರಾ ಪ್ರವಾಹದ ಎಚ್ಚರಿಕೆ ನೀಡಲು ಇರುವ ಸೈರನ್, ಧ್ವನಿವರ್ಧಕ, ಮೊಬೈಲ್ ಸಂದೇಶ ಮತ್ತು ಡಂಗುರದ ವ್ಯವಸ್ಥೆಯ ವಿವರ, ಅದನ್ನು ಕೊನೆಯ ಬಾರಿ ಪರೀಕ್ಷಿಸಿದ ದಿನಾಂಕ, ಅದಕ್ಕೆ ಹೊಣೆಯಾದ ಅಧಿಕಾರಿಯ ಹುದ್ದೆ ಮತ್ತು ಸಂಬಂಧಿಸಿದ ದಾಖಲೆಗಳ ದೃಢೀಕೃತ ಪ್ರತಿ ನೀಡಬೇಕಾಗಿ ಕೋರುತ್ತೇನೆ."